ಈ ವಾಕ್ಯ ಸರಿ ಇದೆಯಾ, ಸ್ವಲ್ಪ ನೋಡಿ

"ಐ ಆ್ಯಮ್ ವರ್ಕಿಂಗ್ ಇನ್ ದಿಸ್ ಹಾಸ್ಪಿಟಲ್ ಸಿನ್ಸ್ ತ್ರೀ ಇಯರ್ಸ್ ಆ್ಯಂಡ್ ಐ ಆ್ಯಮ್ ಹ್ಯಾವಿಂಗ್ ಗುಡ್ ಎಕ್ಸ್‌ಪೀರಿಯೆನ್ಸ್ ಇನ್ ಹ್ಯಾಂಡ್ಲಿಂಗ್ ಆಫ್ ಪೇಷಂಟ್ಸ್."

ಅಂಕೋಲೆ ಕಡೆಯ ನರ್ಸ್ ಒಬ್ಬಳು ಕಳಿಸಿದ ವಾಕ್ಯ ಇದು. ಐರ್ಲೆಂಡಿನ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕುವವಳಿದ್ದಳು. ಕೆಳಗೆ ಒಂದೇ ಸಾಲು: "ಗ್ರಾಮರ್ ಸರಿ ಇದೆಯಾ ನೋಡಿ ಟೀಚರ್." ಕಾರವಾರದಲ್ಲಿ ಕೂತು ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ಮೇಲೆ ಇಂಥ ವಾಕ್ಯಗಳು ಕುಮಟಾದಿಂದ, ಶಿರಸಿಯಿಂದ, ಹೊನ್ನಾವರದಿಂದ ಬರುತ್ತಲೇ ಇರುತ್ತವೆ. ಕೆಲವು ನನ್ನ ಹಳೆಯ ವಿದ್ಯಾರ್ಥಿಗಳದ್ದು. ಕೆಲವು ಅವರ ಅಣ್ಣನದ್ದು, ಪಕ್ಕದ ಮನೆಯವರದ್ದು. ನನಗೆ ಈ ಕೆಲಸ ತುಂಬಾ ಇಷ್ಟ. ಅದನ್ನು ಮಾಡುವಾಗ ತಲೆಯಲ್ಲಿ ಏನು ನಡೆಯುತ್ತದೆ ಅಂತ ಒಮ್ಮೆ ನಿಧಾನವಾಗಿ ಬರೆಯಬೇಕು ಅನ್ನಿಸಿತ್ತು.

ಮೊದಲು 'ಸಿನ್ಸ್ ತ್ರೀ ಇಯರ್ಸ್' ನೋಡೋಣ. ಈ ಹುಡುಗಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಹೇಳಿಬಿಡುವುದು ಸುಲಭ. ಆದರೆ ಅವಳ ಮನಸ್ಸಿನಲ್ಲಿರುವ ಕನ್ನಡ ವಾಕ್ಯ ಕೇಳಿ: "ಮೂರು ವರ್ಷದಿಂದ ಇಲ್ಲೇ ಕೆಲಸ ಮಾಡ್ತಾ ಇದ್ದೇನೆ." ಇದರಲ್ಲಿ ಎಲ್ಲಿದೆ ತಪ್ಪು? ನಾವು '2021ರಿಂದ' ಅಂತಲೂ ಹೇಳುತ್ತೇವೆ, 'ಮೂರು ವರ್ಷದಿಂದ' ಅಂತಲೂ ಹೇಳುತ್ತೇವೆ. ಎರಡಕ್ಕೂ ಒಂದೇ 'ಇಂದ'. ಮರಾಠಿ, ಕೊಂಕಣಿಯಲ್ಲೂ ಹೀಗೇ. ಇಂಗ್ಲಿಷ್ ಮಾತ್ರ ಇವೆರಡನ್ನು ಬೇರೆ ಮಾಡುತ್ತದೆ. ಯಾವಾಗ ಶುರುವಾಯಿತು ಎಂದು ಹೇಳುವುದಾದರೆ 'ಸಿನ್ಸ್', ಎಷ್ಟು ಕಾಲ ನಡೆಯಿತು ಎಂದು ಹೇಳುವುದಾದರೆ 'ಫಾರ್'.

ಕ್ರಿಯಾಪದದ ಕಥೆಯೂ ಅಷ್ಟೇ. ಕೆಲಸ ಈಗಲೂ ನಡೆಯುತ್ತಿದೆ, ಆದ್ದರಿಂದ ಕನ್ನಡಕ್ಕೆ ವರ್ತಮಾನ ಕಾಲ ಸಾಕು. ಇಂಗ್ಲಿಷಿಗೆ ಸಾಲದು. ಹಿಂದೆ ಶುರುವಾಗಿ ಇಲ್ಲಿಯವರೆಗೆ ಬಂದಿದೆ ಎಂಬುದನ್ನು ಕ್ರಿಯಾಪದದಲ್ಲೇ ಹೇಳಬೇಕು. ಹಾಗಾಗಿ 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್'.

ಇಲ್ಲಿಯವರೆಗಿನದ್ದನ್ನು ಯಾವ ವ್ಯಾಕರಣ ಪುಸ್ತಕವೂ ಹೇಳುತ್ತದೆ. ಫೋನಿನಲ್ಲಿರುವ ತಿದ್ದುವ ಆ್ಯಪ್ ಕೂಡ ಗೆರೆ ಎಳೆದು ತೋರಿಸುತ್ತದೆ. ಆದರೆ ಅದೇ ಜಾಗದಲ್ಲಿ 'ಐ ವರ್ಕ್ಡ್ ಇನ್ ದಿಸ್ ಹಾಸ್ಪಿಟಲ್ ಫಾರ್ ತ್ರೀ ಇಯರ್ಸ್' ಅಂತ ಹಾಕಿದರೂ ವ್ಯಾಕರಣ ಪೂರ್ತಿ ಸರಿ. ಕೆಂಪು ಗೆರೆ ಮಾಯ. ಈಗ ಡಬ್ಲಿನ್ನಿನಲ್ಲಿ ಅರ್ಜಿ ಓದುವವರು ಏನು ತಿಳಿಯುತ್ತಾರೆ? ಮೂರು ವರ್ಷ ಕೆಲಸ ಮಾಡಿದ್ದಳು, ಈಗ ಬಿಟ್ಟಿದ್ದಾಳೆ ಅಂತ. ಹಾಗಾದರೆ ಈಗ ಎಲ್ಲಿದ್ದಾಳೆ, ಯಾಕೆ ಬಿಟ್ಟಳು ಎಂಬ ಪ್ರಶ್ನೆ ಹುಟ್ಟುತ್ತದೆ. ಎರಡೂ ವಾಕ್ಯ ಶುದ್ಧ, ಆದರೆ ಎರಡರಲ್ಲಿ ಒಂದು ಮಾತ್ರ ನಿಜ. ಯಾವುದು ನಿಜ ಎಂಬುದು ಯಂತ್ರಕ್ಕೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವಳಿಗೆ ಮಾತ್ರ ಗೊತ್ತು. ಕೇಳಿದೆ. ಇನ್ನೂ ಅಲ್ಲೇ ಇದ್ದಾಳೆ.

ನನ್ನ ಪ್ರಕಾರ ವಾಕ್ಯ ತಿದ್ದುವುದು ಅಂದರೆ ಮುಕ್ಕಾಲು ಪಾಲು ಈ ಕೇಳುವ ಕೆಲಸವೇ. ವಾಕ್ಯ ಬರೆದವರ ಹತ್ತಿರ ವಿಷಯ ಇರುತ್ತದೆ, ತಿದ್ದುವವರ ಹತ್ತಿರ ಭಾಷೆ ಇರುತ್ತದೆ. ಭಾಷೆ ಇರುವವರು ವಿಷಯ ಕೇಳದೆ ಪೆನ್ನು ಎತ್ತಿದರೆ ಶುದ್ಧವಾದ ಸುಳ್ಳು ತಯಾರಾಗುತ್ತದೆ.

'ಐ ಆ್ಯಮ್ ಹ್ಯಾವಿಂಗ್' ಬಗ್ಗೆ ನನಗೆ ಬೇರೆಯೇ ಒಂದು ಅಭಿಪ್ರಾಯ ಇದೆ. ಇದನ್ನು ಎಲ್ಲರೂ ಮಾತೃಭಾಷೆಯ ಪ್ರಭಾವ ಅನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. 'ನನಗೆ ಇಬ್ಬರು ಮಕ್ಕಳು ಇರ್ತಾ ಇದ್ದಾರೆ' ಅಂತ ಕನ್ನಡದಲ್ಲಿ ಯಾರಾದರೂ ಹೇಳುತ್ತಾರಾ? 'ಇದ್ದಾರೆ' ಅನ್ನುತ್ತೇವೆ, ಅಷ್ಟೇ. 'ನನಗೆ ಗೊತ್ತು', 'ನನಗೆ ಬೇಕು' ಅನ್ನುತ್ತೇವೆ. ಇರುವುದು, ಗೊತ್ತಿರುವುದು, ಬೇಕಾಗಿರುವುದು ಒಂದು ಸ್ಥಿತಿ. ನಡೆಯುತ್ತಾ ಇರುವ ಕೆಲಸ ಅಲ್ಲ. ಇಂಗ್ಲಿಷಿನ 'ಹ್ಯಾವ್', 'ನೋ', 'ವಾಂಟ್' ಕೂಡ ಹಾಗೇ. ಅದಕ್ಕೇ ಅವುಗಳಿಗೆ ಸಾಮಾನ್ಯವಾಗಿ 'ಇಂಗ್' ಹತ್ತುವುದಿಲ್ಲ. 'ಐ ಆ್ಯಮ್ ಹ್ಯಾವಿಂಗ್ ಲಂಚ್' ಸರಿ, ಯಾಕೆಂದರೆ ಊಟ ಮಾಡುವುದು ನಡೆಯುತ್ತಿರುವ ಕೆಲಸ. ನಮ್ಮ ಕಿವಿಗೆ ಈ ವ್ಯತ್ಯಾಸ ಮೊದಲೇ ಗೊತ್ತಿದೆ. ತರಗತಿಯಲ್ಲಿ 'ಐ ಆ್ಯಮ್ ಗೋಯಿಂಗ್, ಐ ಆ್ಯಮ್ ಈಟಿಂಗ್' ಅಂತ ಬಾಯಿಪಾಠ ಮಾಡಿಸಿ ಮಾಡಿಸಿ ಎಲ್ಲದಕ್ಕೂ 'ಇಂಗ್' ಅಂಟಿಸುವ ಅಭ್ಯಾಸ ಬಂದಿದೆ ಎಂಬುದು ನನ್ನ ಅಂದಾಜು. ಮಕ್ಕಳಿಗೆ ಇದನ್ನು ಕನ್ನಡದಿಂದಲೇ ತೋರಿಸಿಕೊಟ್ಟರೆ ಒಂದೇ ದಿನದಲ್ಲಿ ಹಿಡಿಯುತ್ತಾರೆ.

ಈಗ ಪದಗಳ ಆಯ್ಕೆಗೆ ಬರೋಣ. ವ್ಯಾಕರಣಕ್ಕಿಂತ ಇದು ಕಷ್ಟ.

'ಗುಡ್ ಎಕ್ಸ್‌ಪೀರಿಯೆನ್ಸ್' ಅಂದರೆ ನಮ್ಮಲ್ಲಿ 'ಒಳ್ಳೆ ಅನುಭವ ಇದೆ', ಅಂದರೆ ಚೆನ್ನಾಗಿ ಪಳಗಿದ್ದೇನೆ ಅಂತ. ಭಾರತದಲ್ಲಿ ಓದುವವರಿಗೆ ಅದು ಅರ್ಥವೂ ಆಗುತ್ತದೆ. ಆದರೆ ಹೊರಗಿನವರ ಕಿವಿಗೆ 'ಎ ಗುಡ್ ಎಕ್ಸ್‌ಪೀರಿಯೆನ್ಸ್' ಎಂದರೆ ಖುಷಿ ಕೊಟ್ಟ ಅನುಭವ. ಹೋಟೆಲಿಗೆ ಹೋಗಿ ಬಂದು ಹೇಳುವ ಮಾತು. 'ಹ್ಯಾಂಡ್ಲಿಂಗ್ ಆಫ್ ಪೇಷಂಟ್ಸ್' ಇನ್ನೂ ಸೂಕ್ಷ್ಮ. ಐರ್ಲೆಂಡ್, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ 'ಪೇಷಂಟ್ ಹ್ಯಾಂಡ್ಲಿಂಗ್' ಎಂದರೆ ರೋಗಿಯನ್ನು ಎತ್ತುವುದು, ಹೊರಳಿಸುವುದು, ಹಾಸಿಗೆಯಿಂದ ಗಾಲಿಕುರ್ಚಿಗೆ ಬದಲಿಸುವುದು. ಅದಕ್ಕೆಂದೇ ಬೇರೆ ತರಬೇತಿ ಇದೆ. ಇವಳು ಹೇಳಬೇಕೆಂದಿದ್ದದ್ದು ಆರೈಕೆ. ಅವರು ಓದುವುದು ಎತ್ತುವ ಕೆಲಸ. ಯಾವ ಆ್ಯಪ್ ಇದಕ್ಕೆ ಕೆಂಪು ಗೆರೆ ಎಳೆಯುತ್ತದೆ?

ಹಾಗಾದರೆ ಅಲ್ಲಿ ನಿಜವಾಗಿ ಏನು ಮಾಡುತ್ತೀಯಾ ಅಂತ ಕೇಳಿದೆ. "ಡಯಾಲಿಸಿಸ್ ಯೂನಿಟ್ ಟೀಚರ್. ಜಾಸ್ತಿ ನೈಟ್ ಶಿಫ್ಟ್." ನೋಡಿ, ಇಷ್ಟು ಗಟ್ಟಿ ವಿಷಯ ಇಟ್ಟುಕೊಂಡು 'ಗುಡ್ ಎಕ್ಸ್‌ಪೀರಿಯೆನ್ಸ್' ಅಂತ ಬರೆದಿದ್ದಳು! ಕೊನೆಗೆ ನಿಂತ ವಾಕ್ಯ ಹೀಗೆ: "ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ದಿ ಡಯಾಲಿಸಿಸ್ ಯೂನಿಟ್ ಆಫ್ ದಿಸ್ ಹಾಸ್ಪಿಟಲ್ ಫಾರ್ ತ್ರೀ ಇಯರ್ಸ್, ಮೋಸ್ಟ್ಲಿ ಆನ್ ನೈಟ್ ಶಿಫ್ಟ್ಸ್." ಇದರಲ್ಲಿ 'ಒಳ್ಳೆಯ' ಎಂಬ ಪದವೇ ಇಲ್ಲ. ಬೇಕಾಗಿಯೂ ಇಲ್ಲ.

ವಾಕ್ಯ ಕಳಿಸುವವರು ಹೆಚ್ಚಿನವರು ಮೊದಲು ಒಂದು ಕ್ಷಮೆ ಕೇಳಿಯೇ ಕಳಿಸುತ್ತಾರೆ. "ನನ್ನ ಇಂಗ್ಲಿಷ್ ವೀಕ್" ಅಂತ. ಇದನ್ನು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ನಮ್ಮ ಜಿಲ್ಲೆಯ ಮಕ್ಕಳನ್ನು ನೋಡಿ. ಕಾರವಾರದಲ್ಲಿ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಜ್ಜ ಅಜ್ಜಿಯರ ಬಾಯಲ್ಲಿ ಮರಾಠಿ. ಭಟ್ಕಳದಲ್ಲಿ ನವಾಯತಿ. ಘಟ್ಟ ಹತ್ತಿದರೆ ಹವ್ಯಕ ಕನ್ನಡ. ಇವರಿಗೆ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಭಾಷೆ. ಅಷ್ಟು ಭಾಷೆ ದಾಟಿ ಬಂದ ವಾಕ್ಯದಲ್ಲಿ ಒಂದು 'ಸಿನ್ಸ್' ತಪ್ಪಿದರೆ ನಾಚಿಕೆ ಪಡುವುದು ಯಾಕೆ?

ಈ ಅಂಜಿಕೆಗೆ ಚರಿತ್ರೆಯೂ ಸ್ವಲ್ಪ ಕಾರಣ ಇರಬಹುದು. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಅಷ್ಟು ಕಾಲ ನಮ್ಮ ಜನ ಇಂಗ್ಲಿಷನ್ನು ಹೆಚ್ಚಾಗಿ ಕಂಡದ್ದು ಕಚೇರಿಯಲ್ಲಿ, ಅರ್ಜಿಯಲ್ಲಿ, ಕೋರ್ಟಿನ ಕಾಗದದಲ್ಲಿ. ಅದು ಬೇಡಿಕೊಳ್ಳುವವರ ಇಂಗ್ಲಿಷ್. 'ಐ ಬೆಗ್ ಟು ಸ್ಟೇಟ್' ಅಂತ ಶುರು, 'ಯುವರ್ ಮೋಸ್ಟ್ ಒಬಿಡಿಯೆಂಟ್ ಸರ್ವೆಂಟ್' ಅಂತ ಮುಕ್ತಾಯ. ಇವತ್ತಿಗೂ ರಜಾ ಅರ್ಜಿಯಲ್ಲಿ ಅದೇ ಬಗ್ಗಿದ ಬೆನ್ನು ಕಾಣುತ್ತದೆ. 'ಕೈಂಡ್ಲಿ ಡು ದಿ ನೀಡ್‌ಫುಲ್' ಬಂದದ್ದೂ ಆ ಕಾಲದ ಕಚೇರಿ ಇಂಗ್ಲಿಷಿನಿಂದಲೇ. ಬ್ರಿಟನ್ನಿನಲ್ಲಿ ಅದನ್ನು ಬಳಸುವವರು ಈಗ ತೀರಾ ಕಡಿಮೆ. ನಾವು ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಅರ್ಜಿಗಳಲ್ಲಿ ನಾನು ಮೊದಲು ತೆಗೆಯುವುದು ಈ ಬೇಡುವ ಮಾತುಗಳನ್ನು. ವ್ಯಾಕರಣದ ಪ್ರಕಾರ ಅವುಗಳಲ್ಲಿ ತಪ್ಪಿಲ್ಲ. ಆದರೆ ಡಯಾಲಿಸಿಸ್ ಯೂನಿಟ್ಟಿನಲ್ಲಿ ರಾತ್ರಿಯಿಡೀ ನಿಲ್ಲುವ ಹುಡುಗಿ ಯಾರ ಮುಂದೆಯೂ 'ಬೆಗ್' ಮಾಡಬೇಕಾಗಿಲ್ಲ.

ಇಂಗ್ಲಿಷ್ ಬರುವುದಿಲ್ಲ ಎಂದು ಕುಗ್ಗಿದವರಿಗೆ ನಾನು ಹೇಳುವ ಒಂದು ವಿಷಯ ಇದೆ. ನಮ್ಮ ಕಾರವಾರದ ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವರು ಇಲ್ಲಿಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥ ಟ್ಯಾಗೋರ್ ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಐಸಿಎಸ್, ಅಂದರೆ ಬ್ರಿಟಿಷರ ಕಾಲದ ಇಂಡಿಯನ್ ಸಿವಿಲ್ ಸರ್ವಿಸ್, ಪಾಸು ಮಾಡಿದ ಮೊದಲ ಭಾರತೀಯ ಅವರೇ. ಇದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಗೊತ್ತಿಲ್ಲದ್ದು ಏನೆಂದರೆ, ಇದೇ ಸತ್ಯೇಂದ್ರನಾಥರ ಮಗಳು ಇಂದಿರಾದೇವಿಗೆ ರವೀಂದ್ರರು 1913ರಲ್ಲಿ ಬರೆದ ಒಂದು ಪತ್ರ. ಹಿಂದಿನ ವರ್ಷವಷ್ಟೇ ಅವರ ಇಂಗ್ಲಿಷ್ ಗೀತಾಂಜಲಿ ಲಂಡನ್ನಿನಲ್ಲಿ ಅಚ್ಚಾಗಿತ್ತು. ಎಲ್ಲೆಡೆ ಹೊಗಳಿಕೆ. ಅಂಥ ಹೊತ್ತಿನಲ್ಲಿ ಅವರು ಬರೆಯುತ್ತಾರೆ: ನನಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲ, ಅದು ಎಷ್ಟು ಸ್ಪಷ್ಟ ಎಂದರೆ ಅದಕ್ಕಾಗಿ ನಾಚಿಕೊಳ್ಳುವ ಹಮ್ಮು ಕೂಡ ನನಗೆ ಎಂದೂ ಇರಲಿಲ್ಲ. ಯಾರಾದರೂ ಚಹಕ್ಕೆ ಕರೆದು ಇಂಗ್ಲಿಷಿನಲ್ಲಿ ಚೀಟಿ ಕಳಿಸಿದರೆ ಉತ್ತರ ಬರೆಯಲು ಧೈರ್ಯ ಸಾಲುತ್ತಿರಲಿಲ್ಲ ಅಂತಲೂ ಹೇಳುತ್ತಾರೆ. ಅದೇ ವರ್ಷದ ಕೊನೆಗೆ ನೊಬೆಲ್ ಬಂತು. ಅವರ ಇಂಗ್ಲಿಷ್ ಸಾಲುಗಳನ್ನು ಕವಿ ಯೇಟ್ಸ್ ಓದಿ ನೋಡಿ ಅಲ್ಲಲ್ಲಿ ಸಲಹೆ ಕೊಟ್ಟಿದ್ದರು. ಅಂದರೆ ಅವರೂ ತಮ್ಮ ವಾಕ್ಯವನ್ನು ಇನ್ನೊಬ್ಬರಿಗೆ ತೋರಿಸಿದವರೇ. ತೋರಿಸುವುದು ಬರೆಯುವ ಕೆಲಸದ ಒಂದು ಭಾಗ, ಅಷ್ಟೇ.

ಸರಿ, ತಪ್ಪು ಎನ್ನುವುದು ಯಾರ ಕಿವಿಗೆ ಎಂಬ ಪ್ರಶ್ನೆಯೂ ಇದೆ. ಶಿರಸಿ, ಸಿದ್ದಾಪುರದ ಹವ್ಯಕರ ಮನೆಗಳಲ್ಲಿ ಅಮ್ಮ ಬಂದಾಗ 'ಆಯಿ ಬಂತು' ಅನ್ನುತ್ತಾರೆ. ಶಾಲೆಯ ಕನ್ನಡದಲ್ಲಿ ಅದು ತಪ್ಪು, 'ಬಂದಳು' ಅಥವಾ 'ಬಂದರು' ಆಗಬೇಕು. ಆ ಮನೆಯಲ್ಲಿ ಅದು ತಪ್ಪಲ್ಲ, ಅಗೌರವವೂ ಅಲ್ಲ. ಹೆಂಗಸರನ್ನು ಹಾಗೆ ಹೇಳುವುದು ಆ ಮಾತಿನ ನಿಯಮ. ಆಡುವವರೆಲ್ಲ ತಪ್ಪದೆ ಪಾಲಿಸುವ ನಿಯಮ. ಇದನ್ನು ನೆನೆದಾಗ ನನಗೆ ಭಟ್ಟಾಕಳಂಕ ನೆನಪಾಗುತ್ತಾರೆ. ಇವತ್ತಿನ ಭಟ್ಕಳ ತಾಲೂಕಿನ ಹಾಡುವಳ್ಳಿಯ ಜೈನ ಪರಂಪರೆಗೆ ಸೇರಿದವರು. 1604ರಲ್ಲಿ ಕನ್ನಡದ ವ್ಯಾಕರಣವನ್ನು 592 ಸೂತ್ರಗಳಲ್ಲಿ ಬರೆದರು, ಅದೂ ಸಂಸ್ಕೃತದಲ್ಲಿ. ಸಂಸ್ಕೃತ ಬಲ್ಲವರ ಮುಂದೆ, ಅವರದ್ದೇ ಭಾಷೆಯಲ್ಲಿ, ಕನ್ನಡಕ್ಕೂ ತನ್ನದೇ ಕಟ್ಟು ಇದೆ ಎಂದು ತೋರಿಸಿದ ಹಾಗಾಯಿತು. ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಈ ಕೆಲಸ ನಡೆದಿದೆ ಎಂಬುದು ನನಗೆ ಬಹಳ ಹೆಮ್ಮೆ. ಇದನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ ಎಂಬುದು ಬೇಸರ.

ಇಂಗ್ಲಿಷಿಗೂ ಇದೇ ಮಾತು ಸಲ್ಲುತ್ತದೆ. ನಿಯಮ ಅಂತ ಚಲಾವಣೆಯಲ್ಲಿರುವುದೆಲ್ಲ ನಿಯಮ ಅಲ್ಲ. ವಾಕ್ಯದ ಕೊನೆಗೆ 'ವಿತ್', 'ಫಾರ್', 'ಟು' ಬರಬಾರದು ಅಂತ ಹೇಳುವವರು ಈಗಲೂ ಇದ್ದಾರೆ. ಈ ತಕರಾರನ್ನು 1672ರಷ್ಟು ಹಿಂದೆ ಕವಿ ಡ್ರೈಡನ್ ಎತ್ತಿದ್ದರು. 1762ರಲ್ಲಿ ರಾಬರ್ಟ್ ಲೌತ್ ಎಂಬ ವ್ಯಾಕರಣಕಾರ ಗಂಭೀರ ಬರಹಕ್ಕೆ ಅದು ಅಷ್ಟು ಒಪ್ಪುವುದಿಲ್ಲ ಎಂದು ಬರೆದರು. ಆದರೆ ತಮ್ಮ ಭಾಷೆಗೆ ಆ ಕಡೆಗೇ ಒಲವು ಎಂಬುದನ್ನೂ ಒಪ್ಪಿಕೊಂಡರು. ಆ ಒಲವಿನ ಮಾತನ್ನೇ ಅವರು 'ಟು' ಎಂದು ಮುಗಿಸಿದ್ದಾರೆ. ಇಂಗ್ಲಿಷರು ತಾವೇ ಪಾಲಿಸದ ಒಂದು ರುಚಿ ಇಲ್ಲಿ ಕಾನೂನಾಗಿ ಕೂತಿದೆ. 'ಆ್ಯಂಡ್' ಇಂದ ವಾಕ್ಯ ಶುರು ಮಾಡಬಾರದು ಎಂಬುದೂ ಇದೇ ಜಾತಿಗೆ ಸೇರಿದ್ದು. ಇಂಥವನ್ನು ನಾನು ಮುಟ್ಟುವುದಿಲ್ಲ.

ನಮ್ಮದೇ ಇಂಗ್ಲಿಷಿನ ಮಾತುಗಳನ್ನೂ ಸುಮ್ನೆ ಅಳಿಸುವುದಿಲ್ಲ. ಮೀಟಿಂಗನ್ನು 'ಪ್ರಿಪೋನ್' ಮಾಡುವುದು ಭಾರತದ ಇಂಗ್ಲಿಷಿನಲ್ಲಿ ಬೆಳೆದ ಪದ. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಜಾಗ ಪಡೆದಿದೆ. 'ಟುಡೇ ಇಟ್‌ಸೆಲ್ಫ್', 'ಯೆಸ್ಟರ್ಡೇ ಓನ್ಲಿ' ನಮ್ಮ 'ಇವತ್ತೇ', 'ನಿನ್ನೆಯೇ' ಇಂದ ಬಂದವು. ಹುಬ್ಬಳ್ಳಿಯ ವ್ಯಾಪಾರಿಗೋ ಬೆಂಗಳೂರಿನ ಆಫೀಸಿಗೋ ಬರೆಯುವಾಗ ಅವು ಕೆಲಸ ಮಾಡುತ್ತವೆ. ಡಬ್ಲಿನ್ನಿಗೆ ಬರೆಯುವಾಗ ತೆಗೆಯುತ್ತೇನೆ. ತೆಗೆಯುವುದು ಅವು ಕೀಳು ಅಂತ ಅಲ್ಲ, ಓದುವವರು ತಡವರಿಸುತ್ತಾರೆ ಅಂತ.

'ಎ' ಮತ್ತು 'ದಿ' ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ನಮ್ಮಲ್ಲಿ ಅವು ಇಲ್ಲ, ಹಾಗಾಗಿ ಕಷ್ಟ ಎಂಬುದು ಎಲ್ಲರೂ ಒಪ್ಪಿದ ಮಾತು. ಪೂರ್ತಿ ನಿಜ ಅಲ್ಲ. 'ದೋಣಿ ನೋಡಿದೆ' ಮತ್ತು 'ದೋಣಿಯನ್ನು ನೋಡಿದೆ' ಎರಡನ್ನೂ ಹೇಳಿ ನೋಡಿ. ಮೊದಲನೆಯದು ಯಾವುದೋ ದೋಣಿ ಇರಬಹುದು. ಎರಡನೆಯದರಲ್ಲಿ, ಮಾತಾಡುತ್ತಿರುವ ಇಬ್ಬರಿಗೂ ಗೊತ್ತಿರುವ ದೋಣಿ ಎಂಬ ಸುಳಿವು ಹೆಚ್ಚು. 'ಅನ್ನು' ಮಾಡುವ ಕೆಲಸದಲ್ಲಿ 'ದಿ' ಮಾಡುವ ಕೆಲಸದ ಒಂದು ಪಾಲು ಇದೆ. ಎಲ್ಲಾ ಕಡೆ ಹೊಂದುವುದಿಲ್ಲ, ಆದರೆ ಶುರು ಮಾಡಲು ಸಾಕು. ಕೇಳುವವರಿಗೆ 'ಯಾವುದು?' ಎಂಬ ಪ್ರಶ್ನೆ ಬರುವುದಿಲ್ಲ ಎಂದಾದರೆ 'ದಿ' ಹಾಕಿ. 'ಎ' ಮತ್ತು 'ಆ್ಯನ್' ನಡುವಿನ ಆಯ್ಕೆ ಇನ್ನೂ ಸುಲಭ, ಅದು ಅಕ್ಷರದ್ದಲ್ಲ, ಉಚ್ಚಾರದ್ದು. 'ಆ್ಯನ್ ಅವರ್', 'ಎ ಯೂನಿವರ್ಸಿಟಿ', 'ಆ್ಯನ್ ಎಂಎಲ್ಎ'. ಬಾಯಿಬಿಟ್ಟು ಓದಿದರೆ ನಾಲಿಗೆಯೇ ಹೇಳುತ್ತದೆ.

ನನ್ನನ್ನು ಹೆಚ್ಚು ಕಾಲ ಹಿಡಿದಿಟ್ಟ ವಾಕ್ಯ ಮಾತ್ರ ಘಟ್ಟದ ಮೇಲಿನದ್ದು. ಸಿದ್ದಾಪುರದ ಹುಡುಗ, ಧಾರವಾಡದಲ್ಲಿ ಓದುತ್ತಿದ್ದ. ಒಂದು ಪ್ರಾಜೆಕ್ಟ್ ವರದಿಯಲ್ಲಿ ತನ್ನ ಮನೆಯ ಬಗ್ಗೆ ಬರೆದಿದ್ದ: "ಮೈ ಫಾದರ್ ಹ್ಯಾಸ್ ಟೂ ಏಕರ್ಸ್ ಆಫ್ ಬೀಟಲ್‌ನಟ್ ಗಾರ್ಡನ್ ಆ್ಯಂಡ್ ಏಟೀನ್ ಏಕರ್ಸ್ ಆಫ್ ಹಿಲ್." ವ್ಯಾಕರಣದಲ್ಲಿ ದೊಡ್ಡ ದೋಷ ಏನೂ ಇಲ್ಲ. ಸರಿ ಇದೆ ಅಂತ ವಾಪಸ್ ಕಳಿಸಬಹುದಿತ್ತು.

ಆದರೆ 'ಬೀಟಲ್' ಅಂದರೆ ವೀಳ್ಯದೆಲೆ. ಎಲೆ ಮೆಣಸಿನ ಜಾತಿಯ ಬಳ್ಳಿಯದು, ಅಡಿಕೆ ಬೇರೆಯೇ ಮರದ್ದು. ಎರಡನ್ನೂ ಕೂಡಿಸಿ ಜಗಿಯುವುದನ್ನು ಕಂಡ ಯುರೋಪಿನವರು ಎಲೆಯ ಹೆಸರನ್ನು ಕಾಯಿಗೂ ಅಂಟಿಸಿದರು. ಕೃಷಿಯ ವರದಿಯಲ್ಲಿ 'ಅರೆಕಾ ನಟ್' ಅನ್ನಬೇಕು. ಅರೆಕಾ ಎಂಬ ಪದ ಪೋರ್ಚುಗೀಸರ ಮೂಲಕ ಮಲಯಾಳದ 'ಅಡಕ್ಕ'ದಿಂದ ಹೋದದ್ದು, ನಮ್ಮ ಅಡಿಕೆಯ ಬಳಗದ್ದೇ. 'ಗಾರ್ಡನ್' ಇರಲಿ ಅಂದೆ. 'ಪ್ಲಾಂಟೇಶನ್' ಅಂದರೆ ನೂರಾರು ಎಕರೆ ಎಸ್ಟೇಟು, ಕೂಲಿ ಲೈನು ಎಲ್ಲಾ ಕಣ್ಣಿಗೆ ಬರುತ್ತದೆ. ಕಣಿವೆಯ ತಂಪಿನಲ್ಲಿ ಅಡಿಕೆ, ಮೆಣಸು, ಏಲಕ್ಕಿ, ಬಾಳೆ ಒಟ್ಟಿಗೆ ಇರುವ ಎರಡು ಎಕರೆಗೆ ತೋಟ ಎಂಬ ಅರ್ಥದ 'ಗಾರ್ಡನ್' ಪದವೇ ಹೊಂದುತ್ತದೆ.

ನಿಜವಾದ ತೊಡಕು 'ಹಿಲ್' ಎಂಬಲ್ಲಿ. ಹುಡುಗನ ಮನಸ್ಸಿನಲ್ಲಿ ಇದ್ದದ್ದು ಬೆಟ್ಟ, ಸೊಪ್ಪಿನ ಬೆಟ್ಟ. ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಹೊರಗಿನವರಿಗೆ ಹೇಳುತ್ತೇನೆ: ಅಡಿಕೆ ತೋಟಕ್ಕೆ ಹೊಂದಿಕೊಂಡ ಕಾಡಿನ ಭಾಗ ಅದು. ಅಲ್ಲಿಂದ ಸೊಪ್ಪು ಕಡಿದು ತಂದು ಕೊಟ್ಟಿಗೆಗೆ ಹಾಸುತ್ತಾರೆ. ಅದು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಬ್ರಿಟಿಷರು ಕಾಡಿನ ಲೆಕ್ಕ ಬರೆದಾಗ ತೋಟದವರಿಗೆ ಈ ಸೌಲಭ್ಯವನ್ನು ಬರೆದುಕೊಟ್ಟರು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಹುಡುಗನ ಲೆಕ್ಕ ಸರಿಯಾಗಿಯೇ ಇದೆ. ಎರಡು ಎಕರೆಗೆ ಹದಿನೆಂಟು.

ಆದರೆ 'ಹ್ಯಾಸ್ ಏಟೀನ್ ಏಕರ್ಸ್ ಆಫ್ ಹಿಲ್' ಅಂದರೆ ಓದುವವರಿಗೆ ಏನು ಕಾಣುತ್ತದೆ? ಒಂದು ಗುಡ್ಡವನ್ನೇ ಕೊಂಡಿರುವ ಶ್ರೀಮಂತರು. ನಿಜ ಸಂಗತಿ ಎಂದರೆ ಜಾಗ ಸರ್ಕಾರದ್ದು. ಮಾರುವಂತಿಲ್ಲ, ತೋಟ ಮಾಡುವಂತಿಲ್ಲ. ಸೊಪ್ಪು, ಹುಲ್ಲು, ದರಕು (ಉದುರಿದ ಒಣ ಎಲೆ) ತರಬಹುದು. ಕನ್ನಡದಲ್ಲಿ 'ನಮಗೆ ಬೆಟ್ಟ ಇದೆ' ಅಂದರೆ ಸಾಕು, ಕೇಳುವವರಿಗೆ ಉಳಿದದ್ದೆಲ್ಲ ಗೊತ್ತು. ಇಂಗ್ಲಿಷಿನ 'ಹ್ಯಾಸ್' ಹೊಲ, ಮನೆ, ಎಕರೆ ಲೆಕ್ಕದ ಪಕ್ಕದಲ್ಲಿ ಕೂತರೆ ಒಡೆತನದ ಕಡೆಗೇ ವಾಲುತ್ತದೆ. ಹಾಗಾಗಿ ಇಲ್ಲಿ ತಿದ್ದಬೇಕಾದದ್ದು 'ಹಿಲ್' ಒಂದನ್ನೇ ಅಲ್ಲ.

ಇನ್ನೊಂದು ಮಜಲು ಇತ್ತು. 'ಹಿ ಹ್ಯಾಸ್ ದಿ ರೈಟ್' ಅಂತ ಬರೆಯೋಣವೇ? ಅರಣ್ಯದ ಕಾನೂನಿನಲ್ಲಿ ಹಕ್ಕು ಬೇರೆ, 'ಪ್ರಿವಿಲೆಜ್' ಬೇರೆ. ಬೆಟ್ಟದ ವಿಷಯದಲ್ಲಿ ದಾಖಲೆಗಳು ಬಳಸುವುದು 'ಪ್ರಿವಿಲೆಜ್' ಎಂಬ ಪದ. ಸರ್ಕಾರ ಕೊಟ್ಟದ್ದು, ಅಂದರೆ ಹಿಂದಕ್ಕೆ ಪಡೆಯಲೂಬಹುದಾದ್ದು ಎಂಬ ಧ್ವನಿ ಅದರಲ್ಲಿದೆ. ಫೋನಿನಲ್ಲಿ ಇದನ್ನು ಹೇಳುತ್ತಿದ್ದಾಗ ಹುಡುಗನ ಅಪ್ಪ ಪಕ್ಕದಲ್ಲೇ ಇದ್ದರು. ಅವರಿಗೆ ಸಿಟ್ಟು ಬಂತು. ತಲೆತಲಾಂತರದಿಂದ ನೋಡಿಕೊಂಡು ಬಂದ ಬೆಟ್ಟ, ಅದು ಹಕ್ಕಲ್ಲದೆ ಮತ್ತೇನು ಅಂತ. ಅವರ ಮಾತಿನಲ್ಲಿ ತೂಕ ಇತ್ತು. ಹಾಗಂತ ದಾಖಲೆಯ ಪದವನ್ನು ಬದಲಿಸಿದರೆ ವರದಿ ಸುಳ್ಳಾಗುತ್ತದೆ. ಕೊನೆಗೆ ಒಂದು ವಾಕ್ಯ ಮೂರಾಯಿತು. ಅಪ್ಪ ಎರಡು ಎಕರೆಯಲ್ಲಿ ಅಡಿಕೆ ಬೆಳೆಯುತ್ತಾರೆ ಎಂದು ಒಂದು. ತೋಟದ ಜೊತೆಗೆ ಹದಿನೆಂಟು ಎಕರೆ ಸರ್ಕಾರಿ ಕಾಡಿನಲ್ಲಿ ಗೊಬ್ಬರಕ್ಕೆ ಸೊಪ್ಪು ತರುವ 'ಪ್ರಿವಿಲೆಜ್' ಇದೆ, ಅದನ್ನು ಸೊಪ್ಪಿನ ಬೆಟ್ಟ ಎನ್ನುತ್ತಾರೆ ಎಂದು ಇನ್ನೊಂದು. ಬೆಳೆಗಾರರು ಅದನ್ನು ತಮ್ಮ 'ರೈಟ್' ಎಂದೇ ತಿಳಿಯುತ್ತಾರೆ ಎಂದು ಮೂರನೆಯದು. 'ಸೊಪ್ಪಿನ ಬೆಟ್ಟ' ಎಂಬುದನ್ನು ಹಾಗೇ ಬಿಟ್ಟೆವು. ಅದಕ್ಕೆ ಇಂಗ್ಲಿಷಿನಲ್ಲಿ ಸಮನಾದ ಪದ ಹುಡುಕುವುದು ವ್ಯರ್ಥ.

ಆ ಮೂರನೆಯ ವಾಕ್ಯ ನನಗೆ ಬಹಳ ಇಷ್ಟ. ಅದು ಅಪ್ಪನದ್ದು.

ಗೋಕರ್ಣದ ಕಡೆ ಹೋಂಸ್ಟೇ ನಡೆಸುವವರೊಬ್ಬರ ಬೋರ್ಡಿನ ಕಥೆ ಇದಕ್ಕೆ ಉಲ್ಟಾ. ಅವರು ತಾವೇ ಬರೆದದ್ದು: "ಸೀ ಈಸ್ ಡೇಂಜರ್. ಡೋಂಟ್ ಗೋ ಇನ್‌ಸೈಡ್ ಡೀಪ್." ಓದಿದ ನೆಂಟರೊಬ್ಬರು ಅದನ್ನು ತಿದ್ದಿ ಕೊಟ್ಟಿದ್ದರು: "ಗೆಸ್ಟ್ಸ್ ಆರ್ ಕೈಂಡ್ಲಿ ರಿಕ್ವೆಸ್ಟೆಡ್ ಟು ರಿಫ್ರೇನ್ ಫ್ರಮ್ ವೆಂಚರಿಂಗ್ ಇನ್‌ಟು ದಿ ಸೀ." ಯಾವುದು ಸರಿ ಅಂತ ಕೇಳಿದರು. ಎರಡನೆಯದು ವ್ಯಾಕರಣಕ್ಕೆ ಸರಿ. ಆದರೆ ಬೋರ್ಡಿಗೆ ಮೊದಲನೆಯದೇ ಮೇಲು. ಬೀಚಿಗೆ ಬರುವವರಲ್ಲಿ ಬೆಳಗಾವಿಯವರಿದ್ದಾರೆ, ಪುಣೆಯವರಿದ್ದಾರೆ, ರಷ್ಯಾ, ಇಸ್ರೇಲಿನವರಿದ್ದಾರೆ. ಬಹಳ ಜನಕ್ಕೆ ಇಂಗ್ಲಿಷ್ ಎರಡನೆಯ ಭಾಷೆ. ಟವೆಲ್ ಹಿಡಿದು ನಡೆಯುತ್ತಾ ಓದುತ್ತಾರೆ. 'ರಿಫ್ರೇನ್', 'ವೆಂಚರಿಂಗ್' ಓದಿ ಮುಗಿಸುವ ಹೊತ್ತಿಗೆ ನೀರಿನಲ್ಲಿರುತ್ತಾರೆ. 'ಕೈಂಡ್ಲಿ ರಿಕ್ವೆಸ್ಟೆಡ್' ಅಂದರೆ ಮಾಡದಿದ್ದರೂ ನಡೆಯುತ್ತದೆ ಎಂದೇ ಅರ್ಥ. ಜೀವದ ವಿಷಯದಲ್ಲಿ ಅಷ್ಟು ನಯ ಬೇಡ.

ಸಮುದ್ರ ಎಲ್ಲಿ ಅಪಾಯ ಅಂತ ಅವರನ್ನೇ ಕೇಳಿದೆ. ಕಪ್ಪು ಬಂಡೆಗಳ ಎಡಕ್ಕೆ ಸೆಳೆತ ಜಾಸ್ತಿ, ಮೊಣಕಾಲು ದಾಟಿದರೆ ಎಳೆದುಕೊಂಡು ಹೋಗುತ್ತದೆ ಅಂದರು. ಇಷ್ಟು ದಿನ ಈ ಮಾತು ಯಾವ ಬೋರ್ಡಿನಲ್ಲೂ ಇರಲಿಲ್ಲ! ಈಗ ಹೀಗಿದೆ: "ಡು ನಾಟ್ ಸ್ವಿಮ್ ಲೆಫ್ಟ್ ಆಫ್ ದಿ ಬ್ಲ್ಯಾಕ್ ರಾಕ್ಸ್. ದಿ ಕರೆಂಟ್ ವಿಲ್ ಪುಲ್ ಯು ಔಟ್. ಸ್ಟೇ ವೇರ್ ದಿ ವಾಟರ್ ಈಸ್ ಬಿಲೋ ಯುವರ್ ನೀಸ್." ಕೆಳಗೆ ಕನ್ನಡದಲ್ಲೂ ಹಿಂದಿಯಲ್ಲೂ ಅದೇ ಇದೆ. ಎಡ ಅಂದರೆ ಸಮುದ್ರಕ್ಕೆ ಮುಖ ಮಾಡಿ ನಿಂತಾಗ ಎಡ ಎಂದು ತೋರಿಸಲು ಒಂದು ಬಾಣದ ಗುರುತು ಹಾಕಿಸಿ ಅಂತಲೂ ಹೇಳಿದೆ.

ನನಗೆ ವಾಕ್ಯ ಕಳಿಸುವವರಲ್ಲಿ ಒಂದು ಕೋರಿಕೆ. ಇಂಗ್ಲಿಷ್ ಸಾಲಿನ ಕೆಳಗೆ ಅದನ್ನೇ ನಿಮ್ಮ ಮನೆಯ ಕನ್ನಡದಲ್ಲಿ ಬರೆದು ಕಳಿಸಿ. ಕೊಂಕಣಿಯಲ್ಲಾದರೂ ಸರಿ, ನನಗೆ ಅರ್ಥ ಆಗುತ್ತದೆ. ಯಾರು ಓದುತ್ತಾರೆ ಅಂತ ಒಂದು ಮಾತು ಸೇರಿಸಿ: ಆಫೀಸಿನವರಾ, ಗಿರಾಕಿಯಾ, ಪರೀಕ್ಷೆಯವರಾ. ಯಾವಾಗ ಬೇಕು ಎಂದೂ ತಿಳಿಸಿ. ರಾತ್ರಿ ಹತ್ತರ ನಂತರ ಕಳಿಸಿದರೆ ಮರುದಿನ ಬೆಳಗ್ಗೆ ನೋಡುತ್ತೇನೆ. ಏನಾದರೂ ಕೇಳಬೇಕಾದರೆ ಫೋನ್ ಮಾಡುತ್ತೇನೆ, ದಯವಿಟ್ಟು ಎತ್ತಿ.